ನಮ್ಮೂರ ಗುಂಗಾಡ

ಸುಳ್ಳು ಹೇಳಿ ದಕ್ಕಿಸಿಕೊಳ್ಳಬೇಕಾದರೆ ಎಮ್ಮೆಯ ಚರ್ಮ ಬೇಕು ಅನ್ನುತ್ತಾರೆ. ನನ್ನ ಚರ್ಮ ಎಂಥದು ಎಂಬುದು ಗೊತ್ತಾದದ್ದು ಶಿವರಾತ್ರಿ ಮುಗಿದು ಹೋಳಿ ಹುಣ್ಣಿಮೆ ಇನ್ನೂ ಬಾರದಿದ್ದ ಒಂದು ರಾತ್ರಿ, ಕಪ್ಪತಗುಡ್ಡದ ಬುಡದ ಒಂದು ಹೊಲದಲ್ಲಿ.

ಸುಳ್ಳೇನೂ ದೊಡ್ಡದಲ್ಲ. "ನಮ್ಮೂರ ಗುಂಗಾಡ ನಮಗ ಕಡಿಯೂದಿಲ್ಲೋ ತಮ್ಮಾ" ಎಂದಿದ್ದೆ, ಅಷ್ಟೆ. ಹೇಳಿದ್ದು ನನ್ನ ಅಕ್ಕನ ಮಗನಿಗೆ. ಅವನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ. ಎರಡು ದಿನ ಗುಡ್ಡ ಸುತ್ತಬೇಕೆಂದು ಅಸುಂಡಿಯ ನಮ್ಮ ಮನೆಗೆ ಬಂದಿಳಿದಾಗ ಅವನ ಬೆನ್ನ ಮೇಲಿದ್ದ ಚೀಲ ನೋಡಿ ನಮ್ಮ ಮನೆಯಾಕೆ, "ಏನಪಾ, ಬೆಂಗಳೂರು ಖಾಲಿ ಮಾಡ್ಕೊಂಡು ಬಂದೀಯೇನು?" ಎಂದು ಗಾಬರಿಯಾದಳು. ಅವನು ಪಡಸಾಲೆಯಲ್ಲಿ ಚೀಲ ಬಿಚ್ಚಿ ಒಂದೊಂದೇ ಸಾಮಾನು ಸಾಲಾಗಿ ಇಟ್ಟ. ಮೈಗೆ ಹಚ್ಚುವ ಮುಲಾಮು, ಬಟ್ಟೆಗೆ ಸಿಂಪಡಿಸುವ ಔಷಧ, ಮಣಿಕಟ್ಟಿಗೆ ಕಟ್ಟುವ ವಾಸನೆಯ ಪಟ್ಟಿ, ಟೊಪ್ಪಿಗೆಯಿಂದ ಕೊರಳವರೆಗೆ ಇಳಿಬಿಡುವ ಬಲೆ, ಸೊಳ್ಳೆಬತ್ತಿಯ ಡಬ್ಬಿ, ಮೂತಿ ಚೂಪಾದ ಒಂದು ಚಿಮಟ. ಕರ್ಣನಿಗಾದರೂ ಒಂದೇ ಕವಚವಿತ್ತು. ಇವನದು ಆರು. ಅದನ್ನು ನೋಡಿಯೇ ನನಗೆ ಊರಾಭಿಮಾನ ಉಕ್ಕಿ ಆ ಮಾತು ಬಾಯಿಂದ ಬಿದ್ದುಹೋಯಿತು.

'ನಮ್ಮೂರು' ಎಂಬುದರ ಬಗ್ಗೆಯೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಹುಟ್ಟಿದ್ದು ಗದಗಿನ ಮಗ್ಗುಲಿನ ಈ ಅಸುಂಡಿಯಲ್ಲಿ, ನಿಜ. ಆದರೆ ಓದಲೆಂದು ಹೋದವನು, ಮಾಸ್ತರಿಕೆಯೆಂದು ಊರೂರು ತಿರುಗಿ, ಮರಳಿ ಬಂದದ್ದು ಪಿಂಚಣಿಯ ಕಾಗದದ ಜೊತೆಗೆ. ನಡುವಿನ ವರ್ಷಗಳೆಲ್ಲ ಕಳೆದದ್ದು ಕಿಟಕಿಗೆ ಜಾಳಿಗೆ ಬಡಿದ ಬಾಡಿಗೆ ಮನೆಗಳಲ್ಲಿ. ಹೀಗೆ ಮರಳಿದವನಿಗೆ ತಾನು ಊರವನೆಂದು ತೋರಿಸಿಕೊಳ್ಳುವ ಚಟ ಜಾಸ್ತಿ. ಊರಲ್ಲೇ ಇದ್ದವರು ರೊಟ್ಟಿಯನ್ನು ಸುಮ್ಮನೆ ತಿನ್ನುತ್ತಾರೆ, ನಾನು "ನಮ್ಮ ಕಡೆ ಜ್ವಾಳದ ರೊಟ್ಟಿ ಅಂದ್ರ..." ಎಂದು ಭಾಷಣ ಮಾಡಿ ತಿನ್ನುತ್ತೇನೆ. ಸಂಜೆ ಗುಡಿಯ ಕಟ್ಟೆಗೆ ಹೋದರೆ ಅಲ್ಲಿದ್ದವರು "ಬರ್ರಿ ಸರ್ರ, ಕುಂಡ್ರರಿ" ಎಂದು ಧೋತರ ಸರಿಮಾಡಿಕೊಂಡು ಕೂರುತ್ತಾರೆ. ಆಡುತ್ತಿದ್ದ ಮಾತು ಅಲ್ಲಿಗೇ ನಿಂತು ಮಳೆ-ಬೆಳೆಯ ಕಡೆ ಹೊರಳುತ್ತದೆ. ಮರ್ಯಾದೆ ಕೊಟ್ಟು ದೂರ ಇಡುವ ಕಲೆಯಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ.

"ಗುಂಗಾಡ ಅಂದ್ರೇನು ಮಾಮಾ?" ಎಂದು ಅಳಿಯ ಕೇಳಿದ. ನನ್ನೊಳಗಿನ ಕನ್ನಡ ಮಾಸ್ತರ ಎದ್ದು ಕೂತ. ನಿಮ್ಮ ಬೆಂಗಳೂರಿನಲ್ಲಿ ಅದು ಸೊಳ್ಳೆ. ಕರಾವಳಿಯವರ ಬಾಯಲ್ಲಿ ನುಸಿ. ನಮ್ಮಲ್ಲಿ ನುಸಿ ಎಂದರೆ ಜೋಳದ ಚೀಲಕ್ಕೆ ಬೀಳುವಂಥದ್ದು, ಮನುಷ್ಯರ ತಂಟೆಗೆ ಬರುವುದಿಲ್ಲ. ಗುಂಗಾಡ ಎಂಬ ಹೆಸರಿನಲ್ಲಿಯೇ ಗುಂಗು ಇದೆ. ಪದದ ಹುಟ್ಟಿನ ಬಗ್ಗೆ ಪಂಡಿತರು ಏನಾದರೂ ಅನ್ನಲಿ, ನನ್ನ ಕಿವಿಗೆ ಕೇಳುವುದು ಹಾಗೆ. ಹಾಡಿನ ಗುಂಗು, ಹುಡುಗಿಯ ಗುಂಗು, ನಡುರಾತ್ರಿ ಕಿವಿಯ ಹತ್ತಿರ ಬಂದು ನಿಂತ ಗುಂಗು, ಮೂರೂ ನಿದ್ದೆ ಕೆಡಿಸುವಂಥವೇ. ಈ ಕೊನೆಯ ಗುಂಗು ಬಾಯಿಯದಲ್ಲ, ರೆಕ್ಕೆಯದು. ಸೆಕೆಂಡಿಗೆ ನೂರಾರು ಸಲ ಬಡಿದಾಗ ಹೊರಡುವ ನಾದ. ಗಂಡು ಗುಂಗಾಡ ಹೂವಿನ ರಸ ಕುಡಿದುಕೊಂಡು ಸಾಧುವಾಗಿ ಬಾಳುತ್ತದೆ. ರಕ್ತ ಬೇಕಾದದ್ದು ಹೆಣ್ಣಿಗೆ, ಅದೂ ತತ್ತಿ ಬಲಿಯಲೆಂದು. ನಮ್ಮ ಉಸಿರಿನ ಗಾಳಿ, ಬೆವರಿನ ವಾಸನೆ, ಮೈಯ ಬಿಸಿ ಹಿಡಿದು ಹುಡುಕಿಕೊಂಡು ಬರುತ್ತದೆ. ಅದರ ಮನೆಯ ಕುಬಸದ ಊಟಕ್ಕೆ ನಾವೇ ಎಡೆ.

"ಮತ್ತ ಅದು ಕುಬಸದ ಊಟಕ್ಕ ಕುಂತಾಗ, ಇವರು ಅಸುಂಡಿಯವರು, ಇವರನ್ನ ಬಿಡೋಣು ಅಂತ ಅನ್ನತದೇನು?" ಎಂದು ನಮ್ಮ ಮನೆಯಾಕೆ ಒಳಗಿನಿಂದಲೇ ಕೇಳಿದಳು. ನಾನು ಕೇಳಿಸದವನ ಹಾಗೆ ಚಹಾ ಕುಡಿದೆ. ನಿಜ ಹೇಳಬೇಕೆಂದರೆ, ಸಣ್ಣವನಿದ್ದಾಗಲೂ ಕಡಿಯುತ್ತಿದ್ದವು. ಬೆನ್ನಿಗೆ ಪಂಪು ಹೊತ್ತ 'ಮಲೇರಿಯಾದವರು' ವರ್ಷವರ್ಷ ಬಂದು ಡಿಡಿಟಿ ಹೊಡೆದು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಅಮ್ಮ ಸಂಜೆಗೆ ಕುಳ್ಳಿನ ಮೇಲೆ ಬೇವಿನ ತಪ್ಪಲು ಹಾಕಿ ಹೊಗೆ ಎಬ್ಬಿಸುತ್ತಿದ್ದಳು. ಗುಂಗಾಡ ಹೊರಗೆ ಹೋಗುತ್ತಿದ್ದವು, ಕೆಮ್ಮುತ್ತ ನಾವೂ ಹೊರಗೆ ಹೋಗುತ್ತಿದ್ದೆವು, ಅಂಗಳದಲ್ಲಿ ಮತ್ತೆ ಭೇಟಿಯಾಗುತ್ತಿತ್ತು. ಇಷ್ಟೆಲ್ಲ ನೆನಪಿದ್ದೂ ಸುಳ್ಳು ಹೇಳಿದೆನಲ್ಲ, ಅದಕ್ಕೇ ಚಟ ಎಂದದ್ದು.

ಅಳಿಯ ತನ್ನ ಸಾಮಾನಿನ ಪುರಾಣ ಬಿಚ್ಚಿದ. ಸೊಳ್ಳೆಬತ್ತಿ ಜಪಾನಿನದು. ಎಯಿಚಿರೊ ಉಯೆಯಾಮಾ ಎಂಬಾತ, ನಮ್ಮ ಸೇವಂತಿಗೆಯ ದಾಯಾದಿಯಾದ ಒಂದು ಹೂವಿನ ಪುಡಿಯಿಂದ ಊದುಬತ್ತಿಯಂಥ ಕಡ್ಡಿ ಮಾಡಿದ. ಅದು 40 ನಿಮಿಷದೊಳಗೆ ಉರಿದು ಮುಗಿಯುತ್ತಿತ್ತು. ಸುರುಳಿ ಸುತ್ತಿದರೆ ಬಹಳ ಹೊತ್ತು ಉರಿದೀತು ಎಂದು 1895ರಲ್ಲಿ ಹೇಳಿದವಳು ಆತನ ಹೆಂಡತಿ ಯೂಕಿ. "ಕೇಳಿದ್ರಿಲ್ಲೋ?" ಎಂದು ಒಳಗಿನಿಂದ ಮತ್ತೆ ದನಿ ಬಂತು. ಮೈಗೆ ಹಚ್ಚುವ ಮುಲಾಮಿನಲ್ಲಿದ್ದದ್ದು ಡೀಟ್. 1946ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾಗಿ 1957ರಲ್ಲಿ ಜನರ ಕೈಗೆ ಬಂದದ್ದು. ಅದು ಹುಳುವನ್ನು ಕೊಲ್ಲುವುದಿಲ್ಲ, ಬರೀ ದಿಕ್ಕು ತಪ್ಪಿಸುತ್ತದೆ. "ನೀವೂ ಒಂದಿಷ್ಟು ಹಚ್ಕೊಳ್ರಿ ಮಾಮಾ" ಎಂದ. ನಾನು ನಕ್ಕು ಕಂಬಳಿ ಹೆಗಲಿಗೆ ಹಾಕಿಕೊಂಡೆ.

ಮರುದಿನ ನಸುಕಿನಲ್ಲಿ ಗದಗಿಗೆ ಬಂದೆವು. ಬಸ್ಸಿಗೆ ಹೊತ್ತಿತ್ತು, ವೀರನಾರಾಯಣನ ಗುಡಿಗೆ ಹೋದೆವು. ಕುಮಾರವ್ಯಾಸ ಒರಗಿ ಕುಳಿತು ಭಾರತ ಬರೆದನೆಂದು ಹೇಳುವ ಕಂಬ ತೋರಿಸಿದೆ. ಮಿಂದು ಒದ್ದೆ ವಸ್ತ್ರದಲ್ಲೇ ಬಂದು ಕೂರುತ್ತಿದ್ದನಂತೆ, ಆ ವಸ್ತ್ರದ ನೀರು ಆರುವತನಕ ಮಾತ್ರ ಕಾವ್ಯ ಹರಿಯುತ್ತಿತ್ತಂತೆ. ಅಳಿಯ ಕಂಬದ ಬುಡ ನೋಡಿದ, ಸುತ್ತಲಿನ ಕತ್ತಲೆ ನೋಡಿದ, ತನ್ನ ಮೊಣಕೈ ತುರಿಸಿಕೊಂಡ. "ಒದ್ದಿ ಬಟ್ಟಿ, ಬರೀ ಮೈ, ಇಂಥಾ ಮೂಲಿ. ಅವರಿಗೆ ಕಡೀಲಿಲ್ಲೇನು ಮಾಮಾ?" ಇಷ್ಟು ವರ್ಷ ಪಾಠ ಹೇಳಿದ್ದೇನೆ, ಛಂದಸ್ಸು ಕೇಳಿದವರಿದ್ದಾರೆ, ರೂಪಕ ಕೇಳಿದವರಿದ್ದಾರೆ, ಈ ಪ್ರಶ್ನೆಯನ್ನು ಒಬ್ಬ ಹುಡುಗನೂ ಕೇಳಿರಲಿಲ್ಲ. ಬರೆದದ್ದನ್ನು ಅಳಿಸದೆ, ಒಂದೇ ಓಟದಲ್ಲಿ ಬರೆದ ಕವಿ ಎಂದು ಹೊಗಳುತ್ತೇವೆ. ಒಂದು ಕೈ ಬರೆಯುವ ಕಂಠಕ್ಕೆ, ಒಂದು ಕೈ ಬೆನ್ನು ತುರಿಸಲಿಕ್ಕೆ ಎಂದಾಗಿದ್ದರೆ ಭಾಮಿನಿ ಷಟ್ಪದಿಯ ಲಯ ಏನಾಗುತ್ತಿತ್ತೋ.

ಬಸ್ಸು ನಮ್ಮನ್ನು ಡಂಬಳಕ್ಕೆ ಇಳಿಸಿತು. ದೊಡ್ಡಬಸಪ್ಪನ ಗುಡಿಗೆ ಒಂದು ಸುತ್ತು ಬಂದೆವು. ಕಲ್ಯಾಣ ಚಾಲುಕ್ಯರ ಕಾಲದ್ದು, ತಳವಿನ್ಯಾಸ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರ. ಅಲ್ಲಿಂದ ಡೋಣಿಯ ಹಾದಿ ಹಿಡಿದು ನಡೆಯತೊಡಗಿದಾಗ ಬಿಸಿಲು ಏರಿತ್ತು. ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಹೋಗುತ್ತದೆ ಎಂಬುದು ಸುಳ್ಳಲ್ಲ. ಮುತ್ತಲದ ಗಿಡಗಳು ಎಲೆ ಕಳಚಿ ಬರೀ ಕೆಂಡದಂಥ ಹೂ ಹೊತ್ತು ನಿಂತಿದ್ದವು. ಈ ಹೊತ್ತಿನ ವಸಂತವನ್ನು ಕವಿಗಳು ಕೋಗಿಲೆಯಿಂದ ಗುರುತಿಸುತ್ತಾರೆ, ದನಕರುಗಳು ತೊಣಚಿಯಿಂದ ಗುರುತಿಸುತ್ತವೆ. ಹಾದಿಯಲ್ಲಿ ಎದುರಾದ ಎತ್ತುಗಳ ಬಾಲ ಒಂದು ಗಳಿಗೆ ಸುಮ್ಮನಿರಲಿಲ್ಲ. ನಮಗೆ ಗಂಟುಬಿದ್ದದ್ದು ನೊರಜು. ಅದು ಕಡಿಯುವುದಿಲ್ಲ, ಕಣ್ಣಿನ ನೀರು ಕುಡಿಯಲು ಬರುತ್ತದೆ. ಅಳಿಯ ಬಲೆಯನ್ನು ಟೊಪ್ಪಿಗೆಯಿಂದ ಇಳಿಬಿಟ್ಟುಕೊಂಡು ಹೊಸ ಮದುಮಗಳ ಹಾಗೆ ನಡೆದ. ಎದುರಿಗೆ ಬಂದ ಮುದುಕಿಯೊಬ್ಬಳು ನಿಂತು ನೋಡಿ, "ಜೇನು ಬಿಡಸಾಕ ಹೊಂಟಾನೇನ್ರಿ?" ಎಂದು ನನ್ನನ್ನು ಕೇಳಿದಳು. ನಾನು ಬಲೆಯಿಲ್ಲದೆ, ಎರಡೂ ಕಣ್ಣು ಕಿರಿದುಮಾಡಿ, ಜಗತ್ತಿಗೆಲ್ಲ ಕಣ್ಣು ಹೊಡೆಯುತ್ತ ನಡೆದೆ.

ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಮೇಲು ಎಂದು ನಮ್ಮ ಕಡೆ ಮಾತಿದೆ. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಿಗೆ ಅಡ್ಡಲಾಗಿ ಮಲಗಿದ ಈ ಗುಡ್ಡ ಎತ್ತರದಲ್ಲಿ ದೊಡ್ಡದಲ್ಲ, ಮದ್ದಿನ ಗಿಡಗಳಲ್ಲಿ ದೊಡ್ಡದು. ಒಳಗೆ ಚಿನ್ನವೂ ಇದೆಯೆಂಬುದೇ ಅದಕ್ಕೆ ಮುಳುವು. 2015ರಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾಗಿ, 2016ರಲ್ಲಿ ರದ್ದಾಗಿ, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಘೋಷಣೆಯಾಗಿ, 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿ ಧಾಮವಾಯಿತು. ಗುಡ್ಡ ಕಡಿಯಲು ಬಂದವರನ್ನು ಗದಗಿನವರು ಸುಮ್ಮನೆ ಸಹಿಸಿಕೊಂಡು ಕೂತಿದ್ದರೆ ಇಂದು ಗುಡ್ಡವೇ ಇರುತ್ತಿರಲಿಲ್ಲ. ಈ ಮಾತು ಆಗ ನನಗೆ ಬರೀ ಹೆಮ್ಮೆಯ ವಿಷಯವಾಗಿತ್ತು. ಅದರಲ್ಲಿ ನನಗೊಂದು ಪಾಠವಿದೆ ಎಂದು ಹೊಳೆದದ್ದು ಮರುದಿನ ಬೆಳಗಿಗೆ.

ಮೇಲೆ ಹೋದಂತೆ ಗಾಳಿ ಜೋರಾಯಿತು. ಸುತ್ತ ಗಾಳಿಯಂತ್ರಗಳು ಗಿರ್ರೆಂದು ತಿರುಗುತ್ತಿದ್ದವು. ಅಲ್ಲಿಯ ಎತ್ತರದ ಜಾಗವೊಂದಕ್ಕೆ ಗಾಳಿಗುಂಡಿ ಎಂದೇ ಹೆಸರು, ಬಸವಣ್ಣನೂ ಅಲ್ಲಿ ಗಾಳಿಗುಂಡಿ ಬಸವಣ್ಣ. ಅಲ್ಲಿ ನಿಂತಾಗ ಒಂದು ನೊರಜೂ ಇಲ್ಲ, ಗುಂಗಾಡವೂ ಇಲ್ಲ. ಬೀಸಣಿಕೆಯ ಗಾಳಿಗೇ ತತ್ತರಿಸುವ ಪ್ರಾಣಿ ಆ ಗಾಳಿಯಲ್ಲಿ ರೆಕ್ಕೆ ಬಿಚ್ಚೀತೇ? "ನೋಡಿದಿಲ್ಲೋ, ಎಲ್ಲೈತಿ ಗುಂಗಾಡ?" ಎಂದು ಅದನ್ನೂ ನನ್ನ ಊರಿನ ಲೆಕ್ಕಕ್ಕೆ ಬರೆದುಕೊಂಡೆ. ಕಪ್ಪತಮಲ್ಲಯ್ಯನಿಗೆ ಕೈಮುಗಿದು, ಕಟ್ಟಿಕೊಂಡು ಹೋಗಿದ್ದ ಕಟಕರೊಟ್ಟಿ, ಶೇಂಗಾ ಚಟ್ನಿ ತಿಂದು ಇಳಿದೆವು. ಧಾಮದೊಳಗೆ ರಾತ್ರಿ ತಂಗುವಂತಿಲ್ಲ. ಅಂಚಿನ ಹೊಲವೊಂದರಲ್ಲಿ ಕುರಿ ನಿಲ್ಲಿಸಿದ್ದರು. ಅಲ್ಲಿ ಡೇರೆ ಹಾಕಲೇ ಎಂದು ಅಳಿಯ ಕೇಳಿದ್ದಕ್ಕೆ ಕುರಿಯಜ್ಜ, "ಹಾಕಪಾ, ಭೂಮಿತಾಯಿ ಏನು ನನ್ನೊಬ್ಬನಾಕೇನು?" ಎಂದ.

ಚೀಲ ಹೊತ್ತು ತಿರುಗುವುದು ಈಚಿನ ಹವ್ಯಾಸ ಎಂದುಕೊಂಡವರು ಒಮ್ಮೆ ಈ ಕುರಿಯವರನ್ನು ನೋಡಬೇಕು. ಸುಗ್ಗಿ ಮುಗಿದ ಮೇಲೆ ಹೊಲದಿಂದ ಹೊಲಕ್ಕೆ, ಸೀಮೆಯಿಂದ ಸೀಮೆಗೆ ನಡೆಯುತ್ತಾರೆ. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳುಕಡಿ. ಅಜ್ಜನ ಸಾಮಾನು ಒಂದು ಕಂಬಳಿ, ಒಂದು ಬಡಿಗೆ, ಒಂದು ಗಂಟು. ಅಳಿಯ ತನ್ನ ಚೀಲದ ಕಡೆ ನೋಡಿದ, ಗಂಟಿನ ಕಡೆ ನೋಡಿದ, ಏನೂ ಅನ್ನಲಿಲ್ಲ.

ಕತ್ತಲಾಗಿ ಗಾಳಿ ಬಿದ್ದದ್ದೇ ತಡ, ಪಕ್ಕದ ಹಳ್ಳದ ನಿಂತ ನೀರಿನಿಂದ ಅವು ಎದ್ದವು. ಅಳಿಯ ಸೊಳ್ಳೆಬತ್ತಿ ಹಚ್ಚಿದ. ಅಜ್ಜ ಎದ್ದು ಬಂದು ಅದನ್ನು ಚಪ್ಪಲಿಯಿಂದ ಹೊಸಕಿ, ಮೇಲೊಂದು ಬೊಗಸೆ ಮಣ್ಣು ಹಾಕಿದ. "ಬಾದಿ ಹುಲ್ಲು ಒಣಗಿ ನಿಂತೈತಿ ತಮ್ಮಾ. ಒಂದು ಕಿಡಿ ಹಾರಿದ್ರ ಗುಡ್ಡಾ ಗುಡ್ಡಾನ ಹೊತ್ತತೈತಿ." ಅಡುಗೆಯ ಒಲೆಯನ್ನೂ ನೀರು ಚೆಲ್ಲಿಯೇ ಆರಿಸಿದ್ದ. ಯೂಕಿಯಮ್ಮನ ಸುರುಳಿ ಕಪ್ಪತಗುಡ್ಡದಲ್ಲಿ ಸೋತಿತು. ಅಳಿಯ ಮುಲಾಮು ಬಳಿದುಕೊಂಡು ಡೇರೆಯ ಜಿಪ್ಪು ಎಳೆದುಕೊಂಡ. ನಾನು ಬಯಲಲ್ಲೇ ಮಲಗುತ್ತೇನೆಂದು ಅಜ್ಜನ ಪಕ್ಕ ಕಂಬಳಿ ಹಾಸಿದೆ. ಊರವನಲ್ಲವೇ!

ಆ ಮೇಲೆ ಶುರುವಾದದ್ದು ಅಜ್ಜನ ಬೈಗಳು. "ನಿನ್ನ ಹೆಣಾ ಎತ್ತಲಿ!" ಫಟ್. "ನಿನ್ನ ಬಾಯಾಗ ಮಣ್ಣ ಹಾಕ!" ಫಟ್. ಒಂದೊಂದು ಕಡಿತಕ್ಕೂ ಒಂದೊಂದು ಬೈಗಳು, ಬೈದದ್ದನ್ನೇ ಬೈಯಲಿಲ್ಲ. ಆಚೆ ಮಲಗಿದ್ದ ಅವನ ಮೊಮ್ಮಗ ನಿದ್ದೆಗಣ್ಣಲ್ಲೇ ಸೊಲ್ಲು ಕೂಡಿಸುತ್ತಿದ್ದ. ನಾನು ಉಸಿರು ಬಿಗಿಹಿಡಿದು ಮಲಗಿದ್ದೆ. ಹುಬ್ಬಿಗೆ ಒಂದು, ಹೆಬ್ಬೆರಳಿಗೆ ಒಂದು, ಕಿವಿಯ ಹಾಲೆಗೆ ಎರಡು. ಕೈ ಎತ್ತಿದರೆ ಊರು ಹೋಗುತ್ತದೆ, ಎತ್ತದಿದ್ದರೆ ರಕ್ತ ಹೋಗುತ್ತದೆ.

"ಮಾಸ್ತರ್ರ, ನಿಮಗ ಕಡ್ಯಾಕತ್ತಿಲ್ಲೇನ್ರಿ?"

"ಇಲ್ಲ ಬಿಡಜ್ಜಾ. ನಮ್ಮೂರ ಗುಂಗಾಡ ನಮಗ ಕಡಿಯೂದಿಲ್ಲ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅರವತ್ತು ವರ್ಸಾತು ನಾನು ಈ ಗುಡ್ಡ ತಿರುಗಾಕತ್ತು. ನನಗಿನ್ನೂ ಗುರ್ತಾ ಹಿಡಿದಿಲ್ಲ ನೋಡ್ರಿ, ಇದರ ಹೆಣಾ ಎತ್ತಲಿ!" ಫಟ್.

ಆಗ ನೆನಪಾದವನು ಕರ್ಣ, ಬ್ರಾಹ್ಮಣನೆಂದು ಸುಳ್ಳು ಹೇಳಿ ಪರಶುರಾಮನ ಶಿಷ್ಯನಾದವನು. ಪರಶುರಾಮ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಅಲರ್ಕ ಎಂಬ ಹುಳು ಬಂದು ತೊಡೆ ಕೊರೆಯುತ್ತದೆ. ಗುರುವಿನ ನಿದ್ದೆ ಕೆಟ್ಟೀತೆಂದು ಕರ್ಣ ತುಟಿಪಿಟಕ್ಕೆನ್ನುವುದಿಲ್ಲ. ನೆತ್ತರು ತಾಗಿ ಗುರು ಎದ್ದಾಗ ಕೇಳುವುದು ಒಂದೇ ಮಾತು: ಇಷ್ಟು ನೋವನ್ನು ಬ್ರಾಹ್ಮಣ ತಾಳಲಾರ, ನೀನು ಯಾರು? ಈ ಕತೆಯನ್ನು ತಾಳ್ಮೆಗೆ ಉದಾಹರಣೆಯೆಂದು ನಾನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ. ಬಯಲಲ್ಲಿ ಕಡಿಸಿಕೊಳ್ಳುತ್ತ ಮಲಗಿದಾಗ ಬೇರೆಯೇ ತೋರಿತು. ಕರ್ಣನನ್ನು ಹಿಡಿದುಕೊಟ್ಟದ್ದು ಹುಳುವಲ್ಲ, ತಾಳ್ಮೆ. "ಅಯ್ಯೋ" ಎಂದು ಕೂಗಿದ್ದರೆ ಅವನ ಸುಳ್ಳು ದಕ್ಕುತ್ತಿತ್ತು. ನಮ್ಮ ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ. ನಾರದ ಈ ಕತೆ ಹೇಳುವುದು ಹನ್ನೆರಡನೆಯದಾದ ಶಾಂತಿಪರ್ವದಲ್ಲಿ. ಅದರ ಪಾಡು ಮುಂದೆ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯ ಪಾಲಿಗೆ ಬಂತು. ಅಳಿಯನ ಪ್ರಶ್ನೆಗೆ ಉತ್ತರ ಇದೇ ಇರಬಹುದೇ? ಒದ್ದೆ ವಸ್ತ್ರದಲ್ಲಿ ಹತ್ತು ಪರ್ವ ಕಡಿಸಿಕೊಂಡವನು, ನಾರದನ ಹುಳುವಿನ ಕತೆ ಬರುವುದರೊಳಗೆ ಕಂಠ ಕೆಳಗಿಟ್ಟನೇ?

ಬೆಳಗಾಯಿತು. ತಂಬಿಗೆ ತೆಗೆದುಕೊಂಡು ಪೊದೆಯ ಮರೆಗೆ ಹೋದವನಿಗೆ ತೊಡೆಯ ಸಂದಿನಲ್ಲಿ ಏನೋ ಕೈಗೆ ತಾಗಿತು. ಮಚ್ಚೆ. ಇಷ್ಟು ವರ್ಷ ಇಲ್ಲದ ಮಚ್ಚೆ. ಪಿಂಚಣಿ ಬರುವ ವಯಸ್ಸಿಗೆ ಹುಟ್ಟುಮಚ್ಚೆ ಹುಟ್ಟುವುದಿಲ್ಲವಲ್ಲ ಎಂದು ಕನ್ನಡಕ ಏರಿಸಿ ಬಗ್ಗಿ ನೋಡಿದೆ. ಮಚ್ಚೆಗೆ ಕಾಲಿದ್ದವು. ಕಾಲುಗಳು ಅಲುಗಾಡಿದವು.

ಆಗ ನನ್ನ ಗಂಟಲಿನಿಂದ ಹೊರಟ ಕೂಗಿಗೆ ಕುರಿಗಳು ದಿಕ್ಕಾಪಾಲಾದವು. ನಾಯಿ ಬೊಗಳಿತು. ಡೇರೆಯ ಜಿಪ್ಪು ತೆರೆಯಿತು. ಕೂಗಿನ ಹಿಂದೆಯೇ ಬಂದ ಮಾತನ್ನು ಇಲ್ಲಿ ಪೂರ್ತಿ ಬರೆಯುವಂತಿಲ್ಲ. ಹೆಣ, ಬಾಯಿ, ಮಣ್ಣು ಮೂರೂ ಅದರಲ್ಲಿದ್ದವು ಎಂದರೆ ಸಾಕು.

ಉಣ್ಣಿ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿದ್ದು, ಹಾದುಹೋಗುವ ಕುರಿಗೋ ಮಾಸ್ತರನಿಗೋ ತಗುಲಿಕೊಳ್ಳುತ್ತದೆ. ಅದರ ಜೊಲ್ಲಿಗೆ ಜಾಗ ಮರಗಟ್ಟುವುದರಿಂದ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ದಿನಗಟ್ಟಲೆ ಕೂತು ಉಣ್ಣುತ್ತದೆ. ಅಜ್ಜನ ಮೊಮ್ಮಗ ಬೀಡಿ ಹಚ್ಚಿ ಚುರುಕು ಮುಟ್ಟಿಸಲು ಸಿದ್ಧನಾದ. ಸುಟ್ಟರೆ, ಸೀಮೆಎಣ್ಣೆ ಹಾಕಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಾರುತ್ತದೆ ಎಂದು ಅಳಿಯ ತಡೆದ. ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು, ತಿರುಚದೆ, ನೆಟ್ಟಗೆ ಮೆಲ್ಲಗೆ ಎಳೆದ. ಬಾಯಿ ಮುರಿಯದೆ ಬಂತು. ನಾನು ನಕ್ಕಿದ್ದ ಆರು ಕವಚಗಳಲ್ಲಿ ಆರನೆಯದು ನನ್ನನ್ನು ಕಾಯಿತು.

ಅಂಗೈಯ ಮೇಲಿಟ್ಟುಕೊಂಡು ಕಾಲು ಎಣಿಸಿದೆ. ಎಂಟು. ಕೀಟಗಳಿಗೆ ಆರು ಕಾಲು, ಇದು ಜೇಡ-ಚೇಳುಗಳ ಬಳಗ. ವ್ಯಾಸರ ಅಲರ್ಕನಿಗೂ ಎಂಟೇ ಕಾಲು ಎಂಬುದು ಥಟ್ಟನೆ ಹೊಳೆದು ಮೈ ಜುಮ್ಮೆಂದಿತು. ಕಾಡಿನಲ್ಲಿ ಕುಳಿತು ಬರೆದವರು, ಕಾಲು ಎಣಿಸಿಯೇ ಬರೆದಿರಬೇಕು.

ಅಳಿಯನಿಗೆ ಮಂಗನ ಕಾಯಿಲೆಯ ಭಯ. ಅದೂ ಉಣ್ಣಿಯಿಂದಲೇ ಬರುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದದ್ದು. ಡೀಟ್ ಅಂಗಡಿಗೆ ಬಂದ ವರ್ಷವೇ! ಮಲೆನಾಡಿನಲ್ಲಿ ಈ ಬೇಸಿಗೆಯ ತಿಂಗಳುಗಳಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಹಂಚುತ್ತಾರೆ. ಅದು ಆ ಕಡೆಯ ಜ್ವರ, ನಮ್ಮ ಬಯಲುಸೀಮೆಯದಲ್ಲ ಎಂದು ಹೇಳಲು ಬಾಯಿ ತೆರೆದೆ. 'ನಮ್ಮ' ಎಂಬ ಮಾತು ಗಂಟಲಲ್ಲೇ ನಿಂತಿತು. ಎರಡು ವಾರ ಜ್ವರ ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡೆ.

ಅಜ್ಜ ಮಾತ್ರ ಬಹಳ ಖುಷಿಯಲ್ಲಿದ್ದ. ಚೆದುರಿದ ಕುರಿ ಕೂಡಿಸಿಕೊಂಡು ಬಂದು, ಹಲ್ಲಿಲ್ಲದ ಬಾಯಿ ತುಂಬ ನಕ್ಕು ಅಂದ: "ಈಗ ನೋಡ್ರಿ ಮಾಸ್ತರ್ರ, ನಮ್ಮವರಂಗ ಒದರಿದ್ರಿ."

ಊರಿಗೆ ಬಂದ ಸಂಜೆ ಕಟ್ಟೆಗೆ ಹೋದೆ. "ಬರ್ರಿ ಸರ್ರ" ಎಂದು ಧೋತರ ಸರಿಯಾದವು, ಮಾತು ನಿಂತಿತು. ಕುಳಿತ ಅರೆಗಳಿಗೆಗೆ ಹಿಮ್ಮಡಿಗೆ ಒಂದು ಕಡಿಯಿತು. ಯೋಚಿಸಲಿಲ್ಲ. "ಇದರ ಹೆಣಾ ಎತ್ತಲಿ!" ಎಂದು ಫಟ್ಟನೆ ಹೊಡೆದೆ.

ಕಟ್ಟೆ ಒಂದು ಕ್ಷಣ ಮೌನವಾಯಿತು. ಆಮೇಲೆ ಮೂಲೆಯಲ್ಲಿದ್ದ ಹಿರಿಯರೊಬ್ಬರು ಮೊಣಕಾಲು ತುರಿಸಿಕೊಳ್ಳುತ್ತ, "ಗಟಾರ ತುಂಬಿ 15 ದಿನಾ ಆತು, ಕೇಳವ್ರ ಇಲ್ಲ. ಹಿಂದಿನೋಣ್ಯಾಗ ಕುಂಡ್ರಾಕ ಆಗವಲ್ದು" ಎಂದರು. ಇನ್ನೊಬ್ಬರು ಗಟಾರದವರನ್ನು ಬೈದರು. ಮತ್ತೊಬ್ಬರು ಗುಂಗಾಡವನ್ನೂ ಗಟಾರದವರನ್ನೂ ಕೂಡಿಸಿ ಬೈದರು. ನನ್ನ ಸರದಿ ಬಂದಾಗ ಅಜ್ಜನಿಂದ ಕಲಿತದ್ದೊಂದನ್ನು ಸೇರಿಸಿದೆ. ಎಲ್ಲರೂ ನಕ್ಕರು.

"ಈಕಡೆ ಸರಿಯೋ ಮಾರಾಯಾ, ಅಲ್ಲಿ ಭಾಳ ಅದಾವು" ಎಂದು ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ನಾನು ಸರಿದು ಕುಳಿತೆ.